ಎರಿ ಹೊಲದ ಮೂರು ಮೆಟಲ್ ಹಾಡು: ಹುಬ್ಬಳ್ಳಿಯ ಹಿಂದಿನ ಕೋಣೆಯ ರೆಕಾರ್ಡಿಂಗ್ ಡೈರಿ

ಮೂರು ಹಾಡು ಮುಗಿದವು. ಒಟ್ಟು 12 ನಿಮಿಷ 40 ಸೆಕೆಂಡು. 2025ರ ಜೂನ್ 8ಕ್ಕೆ ಶುರು ಮಾಡಿದ್ದೆ, ನವೆಂಬರ್ 9ರ ರಾತ್ರಿ ಕೊನೆಯ ಫೈಲ್ ಹೊರಗೆ ಬಂತು. ನಡುವೆ ಒಂದು ಹಾಡಿನ ಗಿಟಾರ್ ಪೂರ್ತಿ ಎರಡು ಸಲ ನುಡಿಸಬೇಕಾಯಿತು, ಒಂದು ಸೋಲೋ ಅಳಿಸಿಹೋಯಿತು, ಸಾಹಿತ್ಯವನ್ನು ಮೊದಲಿನಿಂದ ಬರೆಯಬೇಕಾಯಿತು. ಮನೆಯಲ್ಲೇ ಕೂತು ಮೆಟಲ್ (ಗಿಟಾರ್, ಡ್ರಮ್ಸ್ ಅಬ್ಬರಿಸುವ ರಾಕ್ ಸಂಗೀತ) ಮಾಡಬೇಕು, ಅದೂ ಕನ್ನಡದಲ್ಲಿ ಮಾಡಬೇಕು ಅಂತಿರುವವರಿಗೆ ಉಪಯೋಗ ಆಗಲಿ ಅಂತ ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ತಾರೀಖಿನ ಪ್ರಕಾರ ಬರೆಯುತ್ತಿದ್ದೇನೆ.

2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ನುಡಿಸಿದಾಗ ನಾನು ಪಿಯುಸಿ. ರಾತ್ರಿ ಬಸ್ಸಿಗೆ ಹೋಗಿ ನೋಡಿ ಬಂದೆ. ಆಮೇಲೆ ಕ್ರಿಪ್ಟೋಸ್, ಬೇವರ್ ಸೀ ತರಹದ ಬೆಂಗಳೂರಿನ ಬ್ಯಾಂಡುಗಳನ್ನು ಕೇಳುತ್ತ ಬೆಳೆದೆ. ಅವರೆಲ್ಲ ಹಾಡುವುದು ಇಂಗ್ಲಿಷಿನಲ್ಲಿ. ನನಗೆ ಹೇಳಬೇಕಾಗಿದ್ದದ್ದು ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯ ನಮ್ಮ ಸೋದರಮಾವನ ಎರಿ (ಕಪ್ಪು ಮಣ್ಣಿನ) ಹೊಲದ ಬಾವಿಯ ಕತೆ. ಅದು ನನಗೆ ಇಂಗ್ಲಿಷಿನಲ್ಲಿ ಬರುವುದಿಲ್ಲ.

ಕೈಯಲ್ಲಿ ಇದ್ದದ್ದು

ಜಾಗ: ನಮ್ಮ ಮನೆಯ ಹಿಂದಿನ ಕೋಣೆ, 10 ಅಡಿಗೆ 11 ಅಡಿ. ಒಂದು ಕಿಟಕಿ, ಒಂದು ಮಂಚ, ಒಂದು ಕಬ್ಬಿಣದ ತಿಜೋರಿ.

ಮೊದಲೇ ಇದ್ದವು: 8 ಜಿಬಿ ರ‍್ಯಾಮಿನ ಹಳೆ ಲ್ಯಾಪ್‌ಟಾಪ್, ಐಬನೆಜ್ ಜಿಆರ್‌ಜಿ 121 ಗಿಟಾರ್, ಒಂದು ಹೆಡ್‌ಫೋನ್. ಹೊಸದಾಗಿ ತಗೊಂಡದ್ದು: ಸೆಕೆಂಡ್‌ಹ್ಯಾಂಡ್ ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ (ಗಿಟಾರ್, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿ) ₹6,200, ಸೆಕೆಂಡ್‌ಹ್ಯಾಂಡ್ ಶೂರ್ ಎಸ್‌ಎಂ58 ಮೈಕು ₹4,500. ರೆಕಾರ್ಡಿಂಗಿಗೆ ರೀಪರ್ ಅನ್ನುವ ಸಾಫ್ಟ್‌ವೇರ್. ಅದನ್ನು 60 ದಿನ ಸುಮ್ನೆ ಬಳಸಿ ನೋಡಬಹುದು, ಆಮೇಲೆ ನಮ್ಮಂಥವರ ಲೈಸೆನ್ಸಿಗೆ 60 ಡಾಲರ್. ನನಗೆ ಸುಮಾರು ₹5,200 ಬಿತ್ತು.

1. ಜೂನ್ 8ರಿಂದ 15: ತಂತಿ ಮತ್ತು ನಟ್ಟು

ಟ್ಯೂನಿಂಗ್ ಡ್ರಾಪ್ ಸಿ, ಮಾಮೂಲಿಗಿಂತ ಕೆಳಗಿನ ಸ್ವರಕ್ಕೆ ಇಳಿಸಿದ್ದು. ಅಂದರೆ ದಪ್ಪ ತಂತಿ ಸಿ, ಉಳಿದವು ಜಿ, ಸಿ, ಎಫ್, ಎ, ಡಿ. ಮೊದಲು ಗಿಟಾರಿನಲ್ಲಿ ಇದ್ದ 10-46ರ (ತೆಳು ಮತ್ತು ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಪಾಲಿನಲ್ಲಿ) ತಂತಿಯನ್ನೇ ಇಳಿಸಿ ನೋಡಿದೆ. ಒಗೆದ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಸಡಿಲ. ಜೋರಾಗಿ ಹೊಡೆದರೆ ಸ್ವರ ಮೇಲಕ್ಕೆ ಹಾರಿ ಆಮೇಲೆ ಕೆಳಗೆ ಬಂದು ಕೂರುತ್ತಿತ್ತು. ಎರಡು ದಿನ ಅದನ್ನೇ ನುಡಿಸಿ ಟ್ಯೂನರಿನದೇ ತಪ್ಪು ಅಂದುಕೊಂಡಿದ್ದೆ.

12-56ರ ಸೆಟ್ಟು ತಂದೆ, ₹780. ಈಗ ಬಿಗಿ ಸರಿಯಾಯಿತು. ಆದರೆ ದಪ್ಪ ತಂತಿ ನಟ್ಟಿನ (ಗಿಟಾರಿನ ತಲೆಯ ಹತ್ತಿರ ತಂತಿ ಕೂರುವ ಪಟ್ಟಿಯ) ಸೀಳಿನಲ್ಲಿ ಕೂರಲಿಲ್ಲ. ಟ್ಯೂನ್ ಮಾಡುವಾಗ ಟಿಂಗ್ ಅಂತ ಸದ್ದು ಮಾಡಿ ಒಮ್ಮೆಲೇ ಜಾರುತ್ತಿತ್ತು. ನಟ್ಟಿಗೆಂದೇ ಬರುವ ಅರ ನನ್ನ ಹತ್ತಿರ ಇರಲಿಲ್ಲ. ಹಳೆ ತಂತಿಯ ತುಂಡಿಗೆ 400ರ ಉಪ್ಪಿನ ಕಾಗದ ಸುತ್ತಿ ಉಜ್ಜಿದೆ. ಇಲ್ಲಿ ನೆನಪಿಡಬೇಕಾದದ್ದು ಒಂದೇ: ಅಗಲ ಮಾಡಬೇಕು, ಆಳ ಮಾಡಬಾರದು.

ನಾನು ಐದನೇ ತಂತಿಯದನ್ನು ಆಳ ಮಾಡಿಬಿಟ್ಟೆ. ಬೆರಳಿಂದ ಒತ್ತದೆ ಬಿಟ್ಟ ತಂತಿ ಮೊದಲ ಫ್ರೆಟ್ಟಿಗೆ (ಗಿಟಾರಿನ ಕುತ್ತಿಗೆಯ ಅಡ್ಡಪಟ್ಟಿಗೆ) ತಾಗಿ ಝರ್ರ್ ಅನ್ನತೊಡಗಿತು. ಹೊಸ ನಟ್ಟಿಗೆ ಆರ್ಡರ್ ಮಾಡಿದರೆ ವಾರ ಹಿಡಿಯುತ್ತದೆ. ಅಡಿಗೆ ಮನೆಯಿಂದ ಚಿಟಿಕೆ ಅಡಿಗೆ ಸೋಡಾ ತಂದು, ಆ ಸೀಳಿನಲ್ಲಿ ತುಂಬಿ, ಮೇಲೆ ಒಂದೇ ಹನಿ ಫೆವಿಕ್ವಿಕ್ ಬಿಟ್ಟೆ. ತಕ್ಷಣ ಕಲ್ಲಾಯಿತು. ಹೊಗೆ ಏಳುತ್ತದೆ, ಕಿಟಕಿ ತೆಗೆದಿಟ್ಟು ಮುಖ ದೂರ ಇಟ್ಟುಕೊಳ್ಳಿ. ಆಮೇಲೆ ಮತ್ತೆ ಮೆಲ್ಲಗೆ ಉಜ್ಜಿ, ಪೆನ್ಸಿಲ್ ಸೀಸದ ಪುಡಿ ಹಾಕಿದೆ. ಐದು ತಿಂಗಳಾದರೂ ಹಾಗೇ ಇದೆ.

ಕೊನೆಗೆ ಇಂಟೋನೇಶನ್, ಅಂದರೆ ಎಲ್ಲಿ ಒತ್ತಿದರೂ ಸ್ವರ ಸರಿ ಬರುವ ಹಾಗೆ ಕೂರಿಸುವುದು. ದಪ್ಪ ತಂತಿಯನ್ನು 12ನೇ ಫ್ರೆಟ್ಟಿನಲ್ಲಿ ಒತ್ತಿದರೆ 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲೆ ತೋರಿಸುತ್ತಿತ್ತು. ಸ್ಯಾಡಲ್ಲನ್ನು (ತಂತಿಯ ಇನ್ನೊಂದು ತುದಿ ಕೂರುವ ತುಂಡನ್ನು) ಸ್ಕ್ರೂಡ್ರೈವರಿನಿಂದ ಹಿಂದಕ್ಕೆ ತಂದ ಮೇಲೆ ಸರಿಯಾಯಿತು. ಇದನ್ನು ಬಿಟ್ಟರೆ ಮೇಲಿನ ಕಾರ್ಡುಗಳೆಲ್ಲ ಅಪಸ್ವರ, ಮಿಕ್ಸಿಂಗಿನಲ್ಲಿ ಏನು ಮಾಡಿದರೂ ಹೋಗುವುದಿಲ್ಲ.

2. ಜೂನ್ 22: ಗುಂಯ್ ಶಬ್ದ

ಗೇನ್ (ಗಿಟಾರಿನ ಸಿಗ್ನಲ್ಲನ್ನು ಎಷ್ಟು ದೊಡ್ಡದು ಮಾಡಬೇಕು ಅನ್ನುವುದು) ಏರಿಸಿದ ಕೂಡಲೇ ಗುಂಯ್. ತಂತಿ ಮುಟ್ಟಿದರೆ ಕಮ್ಮಿ, ಕೈ ಬಿಟ್ಟರೆ ಜಾಸ್ತಿ. ಹೊಸ ಕೇಬಲ್ ತಂದೆ, ಏನೂ ಆಗಲಿಲ್ಲ. ನಾಯ್ಸ್ ಗೇಟ್ (ಸಣ್ಣ ಸದ್ದನ್ನು ಪೂರ್ತಿ ಮುಚ್ಚುವ ಸಾಧನ) ಹಾಕಿ ಮುಚ್ಚಲು ನೋಡಿದೆ. ನುಡಿಸದಾಗ ಮೌನ, ನುಡಿಸಿದ ಕೂಡಲೇ ಸ್ವರದ ಜೊತೆಗೇ ಗುಂಯ್ ವಾಪಸು. ಮೂರು ಸಂಜೆ ಹೀಗೆ ಹಾಳಾದವು.

ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಾಗ ಶಬ್ದ ಅರ್ಧಕ್ಕಿಂತ ಕಮ್ಮಿ ಆಯಿತು. ಆಗ ತಲೆಗೆ ಹೊಳೆಯಿತು. ಕರೆಂಟಿನ ಕೆಲಸದವರನ್ನು ಕರೆಸಿದೆ. ಅವರು ಬೋರ್ಡು ಬಿಚ್ಚಿ ತೋರಿಸಿದರು. ಮೂರು ತೂತಿನ ಸಾಕೆಟ್ಟು, ಒಳಗೆ ಎರಡೇ ವಾಯರು. "ಈ ಖೋಲಿಗೆ ಅರ್ಥಿಂಗ್ ಎಳದೇ ಇಲ್ರೀ," ಅಂದರು. ನಮ್ಮ ಮನೆ ಹಳೆಯದು, ಅಡಿಗೆ ಮನೆಗೆ ಮಾತ್ರ ಅರ್ಥಿಂಗ್ ಇತ್ತು. ಅಲ್ಲಿಂದ ಹಸಿರು ವಾಯರು ಎಳೆದರು. ವಾಯರು, ಹೊಸ ಸಾಕೆಟ್ಟು, ಕೂಲಿ ಸೇರಿ ₹1,150. ಇದನ್ನು ನೀವೇ ಮಾಡಲು ಹೋಗಬೇಡಿ.

ಉಳಿದ ಸ್ವಲ್ಪ ಶಬ್ದ ಎಲ್‌ಇಡಿ ಬಲ್ಬಿನದು. ಬಲ್ಬು ಆರಿಸಿ, ಕುರ್ಚಿ ಕಿಟಕಿಯ ಕಡೆಗೆ ತಿರುಗಿಸಿ ಕೂತೆ. ಗಿಟಾರ್ ಯಾವ ದಿಕ್ಕಿಗೆ ಇದೆ ಅನ್ನುವುದರ ಮೇಲೂ ಶಬ್ದ ಏರಿಳಿಯುತ್ತದೆ, ಕೂತಲ್ಲೇ ತಿರುಗಿ ನೋಡಿದರೆ ಗೊತ್ತಾಗುತ್ತದೆ. ಮತ್ತೆ, ಕರೆಂಟ್ ಹೋಗಿ ಇನ್ವರ್ಟರ್ ಶುರುವಾದರೆ ಆ ಹೊತ್ತು ಗಿಟಾರ್ ರೆಕಾರ್ಡಿಂಗ್ ಬಂದ್. ನಮ್ಮದು ಹಳೆ ಚೌಕ ಅಲೆಯ ಇನ್ವರ್ಟರ್, ಅದರ ಕಿರಿಕಿರಿ ಯಾವುದರಿಂದಲೂ ಹೋಗಲಿಲ್ಲ.

3. ಜುಲೈ 6ರಿಂದ 20: ಡ್ರಮ್ಸ್

ಎಂಟಿ ಪವರ್ ಡ್ರಮ್‌ಕಿಟ್ 2 ಅನ್ನುವ ಪುಕ್ಕಟೆ ಪ್ಲಗಿನ್ (ರೀಪರಿನೊಳಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್). ಒಂದೊಂದೇ ಪೆಟ್ಟನ್ನು ಮಿಡಿಯಲ್ಲಿ, ಅಂದರೆ ಯಾವ ಪೆಟ್ಟು ಯಾವಾಗ ಎಷ್ಟು ಜೋರು ಅನ್ನುವ ಸೂಚನೆಯಾಗಿ, ಕೂರಿಸಿದೆ. ಮೊದಲ ಹಾಡು 96 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟು), ಎರಡನೆಯದು 168, ಮೂರನೆಯದು 82.

ಮೊದಲ ಸಲ ಎಲ್ಲ ಪೆಟ್ಟೂ ಮಿಡಿಯ ಅತಿ ಹೆಚ್ಚಿನ 127ರ ಜೋರಿನಲ್ಲಿ, ಗೆರೆಗೆ ಸರಿಯಾಗಿ ಕೂತಿದ್ದವು. ಜೋರು ಭಾಗ ಬಂದಾಗ ಹೊಲಿಗೆ ಮಷೀನಿನ ಸದ್ದು. ಡ್ರಮ್ಸ್ ನುಡಿಸುವ ಗೆಳೆಯನಿಗೆ ಕಳಿಸಿದೆ. ಅವನು ಫೋನಿನಲ್ಲಿ ಒಂದೇ ಮಾತು ಹೇಳಿದ: "ಎಷ್ಟ ಕೈ ಅದಾವಲೇ ಈ ಮನಷ್ಯಾಗ?" ನೋಡಿದರೆ ಹೌದು, ಎರಡು ಕಡೆ ಕ್ರ್ಯಾಶ್, ಸ್ನೇರ್, ಹೈಹ್ಯಾಟ್ (ಕೈಯಿಂದ ಬಡಿಯುವವು) ಮೂರೂ ಒಂದೇ ಕ್ಷಣಕ್ಕೆ ಇದ್ದವು.

ಎಲ್ಲ ಮತ್ತೆ ಮಾಡಿದೆ. ಬಲಗೈ ಪೆಟ್ಟು 110ರಿಂದ 120, ಎಡಗೈ 95ರಿಂದ 105. ಕ್ರ್ಯಾಶ್ ಹೊಡೆಯುವಾಗ ಹೈಹ್ಯಾಟ್ ಇಲ್ಲ. ಫಿಲ್ (ಹಾಡಿನ ಎರಡು ಭಾಗ ಜೋಡಿಸುವ ಡ್ರಮ್ಸ್ ತುಣುಕು) ಬರುವ ಮುಂಚೆ ಚೂರು ಅವಸರ, ಕೋರಸ್ಸಿಗೆ 2 ಬಿಪಿಎಂ ನಿಧಾನ. ಟೇಬಲ್ಲಿನ ಮೇಲೆ ಕೈಯಲ್ಲಿ ಬಡಿದು ನೋಡಿ ಆಮೇಲೆ ಮಿಡಿಯಲ್ಲಿ ಹಾಕುವುದು ಒಳ್ಳೆ ಪದ್ಧತಿ.

4. ಜುಲೈ 27ರಿಂದ ಆಗಸ್ಟ್ 17: ಗಿಟಾರ್

ಇಲ್ಲಿ ಮಾಡಿದ ತಪ್ಪುಗಳೇ ಜಾಸ್ತಿ. ಒಂದೊಂದಾಗಿ ಬರೆಯುತ್ತೇನೆ.

ತಪ್ಪು ಒಂದು, ಇನ್‌ಪುಟ್. ಸ್ಕಾರ್ಲೆಟ್ಟಿನ ಗೇನ್ ಜಾಸ್ತಿ ಇಟ್ಟಿದ್ದೆ. ಜೋರು ಪೆಟ್ಟಿಗೆ ಉಂಗುರ ಕೆಂಪಾಗುತ್ತಿತ್ತು. ಹೇಗೂ ಡಿಸ್ಟಾರ್ಶನ್ ಹಾಕುವುದೇ ಅಲ್ವಾ, ಏನಾಗುತ್ತದೆ ಅಂತ ಬಿಟ್ಟೆ. ಮೊದಲ ಹಾಡು ಪೂರ್ತಿ ಮುಗಿದ ಮೇಲೆ ಕೇಳಿದರೆ ಪ್ರತಿ ಪೆಟ್ಟಿನ ತುದಿಯಲ್ಲಿ ಚಟ್ ಚಟ್. ಅಲ್ಲಿ ಒಡೆದ ಸದ್ದನ್ನು ಯಾವ ಪ್ಲಗಿನ್ನೂ ಕೂಡಿಸುವುದಿಲ್ಲ. ಒಂದು ವಾರದ ಕೆಲಸ ತೆಗೆದುಹಾಕಿ ಮತ್ತೆ ನುಡಿಸಿದೆ. ಈಗ ಅತಿ ಜೋರು ಪೆಟ್ಟಿಗೂ ಮೀಟರ್ ಮೈನಸ್ 8 ಡಿಬಿ ದಾಟದ ಹಾಗೆ ಇಡುತ್ತೇನೆ.

ತಪ್ಪು ಎರಡು, ನಕಲು. ಒಂದೇ ಸಲ ನುಡಿಸಿ, ಅದನ್ನೇ ಕಾಪಿ ಮಾಡಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿದೆ. ಅಗಲವೇ ಬರಲಿಲ್ಲ, ಸದ್ದು ನಡುವೆಯೇ ನಿಂತಿತ್ತು. ಒಂದನ್ನು 15 ಮಿಲಿಸೆಕೆಂಡು ತಡ ಮಾಡಿ ನೋಡಿದೆ. ಹೆಡ್‌ಫೋನಿನಲ್ಲಿ ಅಗಲ ಆಯಿತು, ಒಂದೇ ಸ್ಪೀಕರಿನ ಹಳೆ ಫೋನಿನಲ್ಲಿ ಕೇಳಿದರೆ ಪೈಪಿನೊಳಗಿಂದ ಬಂದ ಹಾಗೆ ಟೊಳ್ಳು. ಇದಕ್ಕೆ ಅಡ್ಡದಾರಿ ಇಲ್ಲ. ಅದೇ ರಿಫ್ಫನ್ನು (ಮತ್ತೆ ಮತ್ತೆ ಬರುವ ಗಿಟಾರ್ ಸಾಲನ್ನು) ಎರಡು ಸಲ ನುಡಿಸಲೇಬೇಕು. ಎರಡನೇ ಹಾಡಿನ 16 ಬಾರಿನ (ತಾಳದ ಆವರ್ತನದ) ಒಂದು ರಿಫ್ಫಿಗೆ ಬಲಗಡೆಯದು 31ನೇ ಸಲಕ್ಕೆ ಕೂತಿತು.

ತಪ್ಪು ಮೂರು, ಗೇನ್. ಮೆಟಲ್ ಅಂದ ಮೇಲೆ ಪೂರ್ತಿ ಏರಿಸಬೇಕು ಅನ್ನುವ ನಂಬಿಕೆ ನನಗೂ ಇತ್ತು. ಒಂದು ಗಿಟಾರಿಗೆ ಅದು ಚೆನ್ನ. ಎರಡು ಸೇರಿದಾಗ ಬರೀ ಮರಳು. ಆಂಪಿಗೆ (ಗಿಟಾರಿನ ಸದ್ದನ್ನು ದೊಡ್ಡದು, ಒರಟು ಮಾಡುವ ಆಂಪ್ಲಿಫೈಯರಿಗೆ) ನ್ಯೂರಲ್ ಆಂಪ್ ಮಾಡೆಲರ್ ಬಳಸಿದೆ, ಅದೂ ಪುಕ್ಕಟೆ. ಗೇನ್ 8 ಇದ್ದದ್ದನ್ನು 4.5ಕ್ಕೆ ಇಳಿಸಿದೆ. ಮುಂದೆ ಒಂದು ಟ್ಯೂಬ್ ಸ್ಕ್ರೀಮರ್ (ಓವರ್‌ಡ್ರೈವ್ ಪೆಡಲ್) ಪ್ಲಗಿನ್, ಅದರ ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ಅರ್ಧ. ಪಿಕ್ಕನ್ನು 0.73ರಿಂದ 1.14 ಮಿಲಿಮೀಟರಿಗೆ ಬದಲಿಸಿದೆ. ಪಾಮ್ ಮ್ಯೂಟಿನ (ಅಂಗೈ ಅಂಚನ್ನು ತಂತಿಗೆ ತಾಗಿಸಿ ನುಡಿಸುವುದರ) ಸದ್ದು ಆಗ ಗಟ್ಟಿಯಾಯಿತು. ₹20ರ ಪಿಕ್ಕು ಮಾಡಿದ ಕೆಲಸವನ್ನು ಬೇರೆ ಯಾವುದೂ ಮಾಡಲಿಲ್ಲ.

ಒಂದು ಕೆಲಸ ಸರಿ ಮಾಡಿದ್ದೆ. ಪ್ಲಗಿನ್ ಇಲ್ಲದ ಕಚ್ಚಾ ಗಿಟಾರನ್ನೇ ರೆಕಾರ್ಡ್ ಮಾಡಿ ಇಟ್ಟಿದ್ದೆ. ಅದರಿಂದ ಅಕ್ಟೋಬರಿನಲ್ಲಿ ಆಂಪ್ ಬದಲಿಸಿದಾಗ ಮತ್ತೆ ನುಡಿಸುವ ಕೆಲಸ ಬೀಳಲಿಲ್ಲ.

5. ಆಗಸ್ಟ್ 20: ಕಳೆದುಹೋದ ಸೋಲೋ

ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ಮೂರನೇ ಹಾಡಿಗೆ 40 ಸೆಕೆಂಡಿನ ಸೋಲೋ ನುಡಿಸಿದ್ದೆ. ಡಿಸ್ಕ್ ತುಂಬಿತು ಅಂತ "ಹಳೆಯದು" ಅಂತ ಹೆಸರಿದ್ದ ಫೋಲ್ಡರ್ ಅಳಿಸಿದೆ. ಪ್ರಾಜೆಕ್ಟಿನ ಫೈಲ್ ಒಂದು ಕಡೆ, ಆಡಿಯೋ ಆ ಫೋಲ್ಡರಿನಲ್ಲಿ. ರೀಪರ್ ತೆಗೆದಾಗ ಸೋಲೋ ಇದ್ದ ಜಾಗ ಖಾಲಿ. ಮತ್ತೆ ನುಡಿಸಿದೆ, ಆದರೆ ಅದು ಬೇರೆಯೇ ಸೋಲೋ. ಮೊದಲಿನದರಲ್ಲಿ ಒಂದು ಕಡೆ ತಂತಿ ಎಳೆದು ನಿಲ್ಲಿಸಿದ್ದು ಇತ್ತು, ಅದು ಮತ್ತೆ ಬರಲೇ ಇಲ್ಲ.

ಹೊಸ ಪ್ರಾಜೆಕ್ಟ್ ಶುರು ಮಾಡಿದ ದಿನವೇ ಸೇವ್ ಮಾಡುವಾಗ ಎಲ್ಲ ಮೀಡಿಯಾ ಪ್ರಾಜೆಕ್ಟಿನ ಫೋಲ್ಡರಿಗೇ ಹೋಗಲಿ ಅನ್ನುವ ಟಿಕ್ ಹಾಕಿ. ಪ್ರತಿ ಭಾನುವಾರ ಪೂರ್ತಿ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ.

6. ಆಗಸ್ಟ್ 22ರಿಂದ ಅಕ್ಟೋಬರ್ 5: ದನಿ

ಮೊದಲು ಕೋಣೆ. ತತ್ತಿ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆ ಅಂತ ಕೇಳಿದ್ದೆ. ತತ್ತಿ ಅಂಗಡಿಯಿಂದ 30 ಟ್ರೇ ತಂದು ಅಂಟಿಸಿದೆ, ಟೇಪೂ ಸೇರಿ ₹360. ಮೊದಲು, ಆಮೇಲೆ ಎರಡೂ ರೆಕಾರ್ಡ್ ಮಾಡಿ ಹೋಲಿಸಿದೆ. ಏನೂ ವ್ಯತ್ಯಾಸ ಇಲ್ಲ. ಎರಡನೇ ದಿನಕ್ಕೆ ಅರ್ಧ ಟ್ರೇ ನೆಲದ ಮೇಲಿದ್ದವು.

ಪ್ರತಿ ಸಾಲು ಕೂಗಿದ ಮೇಲೆ ರೆಕಾರ್ಡಿಂಗಿನಲ್ಲಿ ಝೇಂ ಅನ್ನುವ ಬಾಲ ಕೇಳುತ್ತಿತ್ತು. ಗೋಡೆಯದು ಅಂದುಕೊಂಡಿದ್ದೆ. ಒಂದು ಸಲ ಕೂಗಿದ ಕೂಡಲೇ ತಿಜೋರಿಯ ಬಾಗಿಲಿಗೆ ಅಂಗೈ ಇಟ್ಟೆ. ಅಂಗೈಯಡಿ ತಗಡು ಇನ್ನೂ ನಡುಗುತ್ತಿತ್ತು.

ಮನೆಯಲ್ಲಿ ಅಜ್ಜಿ ಹೊಲಿದ ಐದು ಕೌದಿ ಇದ್ದವು. ಹಳೆ ಇಳಕಲ್ ಸೀರೆ, ಧೋತರ ಪದರ ಪದರವಾಗಿ ಹಾಕಿ, ಬೆರಳಗಲಕ್ಕೆ ಒಂದು ಹೊಲಿಗೆಯಂತೆ ಕೈಯಲ್ಲೇ ಹೊಲಿದದ್ದು. ಎತ್ತಿದರೆ ಭಾರ. ಒಂದನ್ನು ತಿಜೋರಿಗೆ ಹೊದಿಸಿದೆ. ಮೂರನ್ನು ಹಗ್ಗ, ಹುಕ್ಕು ಹಾಕಿ ಗೋಡೆಯಿಂದ ನಾಲ್ಕು ಇಂಚು ಮುಂದೆ ಇಳಿಬಿಟ್ಟೆ, ₹220 ಖರ್ಚು. ಗೋಡೆಗೆ ಅಂಟಿಸಿದ್ದಕ್ಕಿಂತ ಹೀಗೆ ಸಂದು ಬಿಟ್ಟದ್ದೇ ಚೆನ್ನಾಗಿ ಕೆಲಸ ಮಾಡಿತು. ಇನ್ನೊಂದು ನನ್ನ ಬೆನ್ನ ಹಿಂದೆ. ಝೇಂ ಪೂರ್ತಿ ಹೋಯಿತು. ಆದರೆ ಕೌದಿ ಕೋಣೆಯೊಳಗಿನ ಮಾರ್ದನಿಯನ್ನು ಮಾತ್ರ ತಡೆಯುತ್ತದೆ, ಸದ್ದು ಹೊರಗೆ ಹೋಗುವುದನ್ನಲ್ಲ. ಅದಕ್ಕೆ ಪಕ್ಕದ ಮನೆಯ ಕಾಕಾ ಹತ್ತಿರ ಹೋಗಿ ಮಧ್ಯಾಹ್ನ 3ರಿಂದ 4 ಅಂತ ಸಮಯ ಕೇಳಿಕೊಂಡೆ. ಅವರು ಒಪ್ಪಿದರು.

ಗಂಟಲು. ಮೊದಲ ದಿನ ಒಂದೂವರೆ ತಾಸು ಒತ್ತಿ ಕೂಗಿದೆ. ಎರಡು ದಿನ ಮಾತು ಹೊರಡಲಿಲ್ಲ. ಗ್ರೌಲ್ (ಮೆಟಲ್ಲಿನ ಗುರುಗುಟ್ಟುವ ಹಾಡುಗಾರಿಕೆ) ಅಂದರೆ ಜೋರು ಅಲ್ಲ. ಮೈಕಿನ ಮುಂದೆ ಅದು ಸಾಧಾರಣ ಮಾತಿಗಿಂತ ಸ್ವಲ್ಪವೇ ಜಾಸ್ತಿ ಸದ್ದು, ಉಸಿರು ಹೊಟ್ಟೆಯಿಂದ ಬರಬೇಕು. ನೋವು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಆಮೇಲೆ ದಿನಕ್ಕೆ 20 ನಿಮಿಷ, ಒಂದು ದಿನ ಬಿಟ್ಟು ಒಂದು ದಿನ.

ಆಗಸ್ಟ್ 27ಕ್ಕೆ ಗಣಪತಿ ಕೂತ. ಹನ್ನೊಂದು ದಿನ ಓಣಿಯ ಪೆಂಡಾಲಿನ ಸ್ಪೀಕರು. ರೆಕಾರ್ಡಿಂಗ್ ಸಾಧ್ಯವೇ ಇರಲಿಲ್ಲ. ಆ ಬಿಡುವಿನಲ್ಲಿ ಅದುವರೆಗೆ ಕೂಗಿದ್ದನ್ನು ಕೂತು ಕೇಳಿದೆ, ಆಗ ದೊಡ್ಡ ತೊಡಕು ಕಣ್ಣಿಗೆ ಬಿತ್ತು. ಕಣ್ಣಿಗೇ ಬಿತ್ತು ಅಂತ ಸುಮ್ನೆ ಹೇಳುತ್ತಿಲ್ಲ. ವೇವ್‌ಫಾರ್ಮಿನಲ್ಲಿ (ಸದ್ದಿನ ಏರಿಳಿತ ತೋರಿಸುವ ಚಿತ್ರದಲ್ಲಿ) ಪ್ರತಿ ಸಾಲೂ ದಪ್ಪಗೆ ಶುರುವಾಗಿ ಕೊನೆಗೆ ಇಲಿ ಬಾಲದ ಹಾಗೆ ಸಣ್ಣಗಾಗುತ್ತಿತ್ತು. ಎಲ್ಲ ಸಾಲೂ ಹಾಗೇ.

ಮೊದಲು ಬರೆದದ್ದು ಹೀಗಿತ್ತು:

ನೆಲವು ಬಿರುಕು ಬಿಟ್ಟಿದೆ
ಬಾವಿಯು ಬತ್ತಿ ಹೋಗಿದೆ
ಮಳೆಗೆ ಕಾದು ಕುಳಿತೆವು

ಸಾಲಿನ ಕೊನೆಗೆ ಎ ಇಲ್ಲವೇ ಉ. ಗ್ರೌಲಿನಲ್ಲಿ ದನಿಗೆ ಗಾತ್ರ ಕೊಡುವುದು ಬಾಯಿಯ ಒಳಗಿನ ಜಾಗ. ಉ ಅನ್ನುವಾಗ ತುಟಿ ಮುಚ್ಚಿ ಬರುತ್ತದೆ, ಎ ಅನ್ನುವಾಗ ನಾಲಿಗೆ ಏರಿ ಜಾಗ ತುಂಬುತ್ತದೆ. ಉಸಿರು ಇದ್ದರೂ ಸದ್ದು ಸಾಯುತ್ತದೆ. ಎರಡು ವಾರ ಕಂಪ್ರೆಸರ್ (ಜೋರು ಸದ್ದು, ಸಣ್ಣ ಸದ್ದಿನ ಅಂತರ ಕಮ್ಮಿ ಮಾಡುವ ಪ್ಲಗಿನ್) ಹಾಕಿ ಆ ಬಾಲಗಳನ್ನು ಎತ್ತಲು ನೋಡಿದೆ. ಉಸಿರಿನ ಸದ್ದು ಎದ್ದಿತು, ಸಾಲು ಏಳಲಿಲ್ಲ.

ಸಾಹಿತ್ಯದ ಹಾಳೆಯನ್ನು ಕೌದಿಗೆ ಪಿನ್ನು ಹಾಕಿ ಸಿಕ್ಕಿಸಿದ್ದೆ. ಒಂದು ದಿನ ಅವ್ವ ಕಸ ಹೊಡೆಯಲು ಬಂದವಳು ನಿಂತು ಓದಿದಳು. "ಯಾರ ಬಾವೀದಿದು?" ಅಂದಳು. "ಮಾಮಾನ ಹೊಲದ್ದು," ಅಂದೆ. "ಮತ್ತ 'ಬತ್ತಿ ಹೋಗಿದೆ' ಅಂತ ಬರದೀಯಲ್ಲ, ನಮ್ಮ ಕಡೆ ಯಾರ ಹಂಗ ಅಂತಾರ? ಬತ್ತಿ ಹೋಗ್ಯದ ಅಂತೀವಿ."

ಅವಳು ಹೋದ ಮೇಲೆ ಅದೊಂದು ಮಾತನ್ನು ಮೈಕಿನಲ್ಲಿ ಕೂಗಿ ನೋಡಿದೆ. ಹೋಗ್ಯದ. ಕೊನೆಯ ಅಕಾರಕ್ಕೆ ಬಾಯಿ ತಾನಾಗಿ ತೆರೆಯಿತು. ವೇವ್‌ಫಾರ್ಮಿನ ಬಾಲ ದಪ್ಪಗೆ ನಿಂತು, ಕತ್ತರಿಸಿದ ಹಾಗೆ ಮುಗಿಯಿತು. ಸಂಜೆವರೆಗೆ ಕೂತು ಮೂರೂ ಹಾಡು ತಿದ್ದಿದೆ:

ನೆಲ ಬಿರಕ ಬಿಟ್ಟದ
ಬಾವಿ ಬತ್ತಿ ಹೋಗ್ಯದ
ಮಳಿ ದಾರಿ ಕಾಯ್ಕೋತ ಅವ್ವ ಕುಂತಾಳ

ನಾನು ಹುಬ್ಬಳ್ಳಿಯಲ್ಲಿ ಬೆಳೆದವನು, ನನ್ನ ಬಾಯಲ್ಲಿ ಬರುವುದು 'ಬಿಟ್ಟೈತಿ'. ಅದು ಇಕಾರಕ್ಕೆ ಮುಗಿಯುತ್ತದೆ, ಗ್ರೌಲಿನಲ್ಲಿ ತೆಳ್ಳಗೆ ಕೇಳುತ್ತದೆ. ಅವ್ವನ ತವರಿನ 'ಬಿಟ್ಟದ'ವೇ ಕೂತದ್ದು. ಒತ್ತಕ್ಷರದ್ದೂ ಒಂದು ಲಾಭ ಇದೆ. 'ಬಿಟ್ಟದ'ದ ಟ್ಟ ಹೇಳುವಾಗ ದನಿ ಒಂದು ಕ್ಷಣ ಪೂರ್ತಿ ನಿಂತು ಆಮೇಲೆ ಒಡೆಯುತ್ತದೆ. ಆ ನಿಲುಗಡೆಯನ್ನು ಸ್ನೇರ್ ಪೆಟ್ಟಿನ ಮೇಲೆ ಕೂರಿಸಿದರೆ ಇಬ್ಬರು ಸೇರಿ ಹೊಡೆದ ಹಾಗೆ ಇರುತ್ತದೆ. ಕನ್ನಡ ಮೆಟಲ್ಲಿಗೆ ಒಗ್ಗುವುದಿಲ್ಲ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಮನೆಯಲ್ಲಿ ಆಡುವ ಕನ್ನಡವನ್ನು ಕೂಗಿ ನೋಡಿ, ಪುಸ್ತಕದ್ದನ್ನಲ್ಲ.

ಸೆಪ್ಟೆಂಬರ್ 14ರಿಂದ ಎಲ್ಲ ದನಿ ಹೊಸದಾಗಿ ರೆಕಾರ್ಡ್ ಮಾಡಿದೆ. ಅಕ್ಟೋಬರ್ 1, ಆಯುಧ ಪೂಜೆ ದಿನ ಗಿಟಾರ್, ಮೈಕಿಗೆ ಕುಂಕುಮ ಹಚ್ಚಿ ರಜೆ. 5ಕ್ಕೆ ಮುಗಿಯಿತು.

7. ಅಕ್ಟೋಬರ್ 11: ಬೇಸ್

ಬೇಸ್ ಗಿಟಾರ್ ನನ್ನ ಹತ್ತಿರ ಇಲ್ಲ. ಗಿಟಾರನ್ನೇ ಪ್ಲಗಿನ್ನಿನಿಂದ ಒಂದು ಆಕ್ಟೇವ್ ಇಳಿಸಿ ನೋಡಿದೆ, ಕೆಸರು. ಡ್ರಮ್ಸ್ ಗೆಳೆಯನ ಪರಿಚಯದವರಿಂದ ವಾರಕ್ಕೆ ಒಂದು ನಾಲ್ಕು ತಂತಿಯದನ್ನು ತಂದು ಕೆಳಗಿನ ಸಿಗೆ ಇಳಿಸಿದೆ. ಪಿಕ್ಕಿನಿಂದ ನುಡಿಸಿದೆ. ಬೇಸನ್ನು ಎರಡು ಟ್ರ್ಯಾಕ್ ಮಾಡಿ, ಒಂದರಲ್ಲಿ ಬರೀ ಕೆಳಗಿನ ಸದ್ದು, ಇನ್ನೊಂದರಲ್ಲಿ ಮೇಲಿನದಕ್ಕೆ ಸ್ವಲ್ಪ ಡಿಸ್ಟಾರ್ಶನ್. ಗಿಟಾರ್ ದಪ್ಪ ಇದೆ ಅಂತ ಅನ್ನಿಸುವುದು ಬಹುಪಾಲು ಈ ಬೇಸಿನಿಂದ. ಬೇಸ್ ಮ್ಯೂಟ್ ಮಾಡಿ ನೋಡಿದಾಗ ಗೊತ್ತಾಯಿತು.

8. ಅಕ್ಟೋಬರ್ 12ರಿಂದ ನವೆಂಬರ್ 9: ಮಿಕ್ಸಿಂಗ್

ರಾತ್ರಿ 11ರ ಮೇಲೆ ಹೆಡ್‌ಫೋನಿನಲ್ಲಿ ಮಿಕ್ಸ್ ಮಾಡುತ್ತಿದ್ದೆ. ರಾತ್ರಿ ಬೆಟ್ಟದ ಹಾಗೆ ಕೇಳಿದ್ದು ಬೆಳಿಗ್ಗೆ ಗೆಳೆಯನ ಕಾರಿನಲ್ಲಿ ಬರೀ ಗುಡುಗು, ಮಾತು ಒಂದೂ ತಿಳಿಯದು. ಕಿವಿ ದಣಿದಾಗ ಕೈ ಬೇಸ್ ಏರಿಸುತ್ತದೆ. ಆಮೇಲೆ ಬೆಳಿಗ್ಗೆ 6ರಿಂದ 7.30 ಮಾತ್ರ ಮಿಕ್ಸಿಂಗ್.

ಕೆಲಸ ಮಾಡಿದವು: ಗಿಟಾರಿನಲ್ಲಿ 90 ಹರ್ಟ್ಸ್ ಕೆಳಗಿನದನ್ನೂ 9,000 ಹರ್ಟ್ಸ್ ಮೇಲಿನದನ್ನೂ ಕತ್ತರಿಸಿದ್ದು. ಕಿಕ್ಕಿಗೆ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮಿಗೆ) 60ರ ಹತ್ತಿರ ಸ್ವಲ್ಪ, 4,000ದ ಹತ್ತಿರ ಸ್ವಲ್ಪ ಏರಿಸಿದ್ದು. ಕ್ರಿಪ್ಟೋಸಿನ ಒಂದು ಹಾಡನ್ನು ಪಕ್ಕದ ಟ್ರ್ಯಾಕಿನಲ್ಲಿ ಹಾಕಿ, ಅದರ ಸದ್ದನ್ನು ನನ್ನದರಷ್ಟೇ ಇಳಿಸಿ ಹತ್ತು ನಿಮಿಷಕ್ಕೊಮ್ಮೆ ಕೇಳಿದ್ದು. ಕೆಲಸ ಮಾಡದ್ದು: ಉಳಿದ ಬಹುಪಾಲು ಪ್ಲಗಿನ್ನು. ಮೂರನೇ ಹಾಡಿನಲ್ಲಿ 41 ಪ್ಲಗಿನ್ ಇದ್ದವು, ಕೊನೆಗೆ 17 ಉಳಿದವು.

ಜೋರು ಮಾಡುವ ಆಸೆಯಲ್ಲಿ ಮೊದಲ ಮಾಸ್ಟರನ್ನು (ಹೊರಗೆ ಹೋಗುವ ಕೊನೆಯ ಫೈಲನ್ನು), ಸೊನ್ನೆಗೆ ಹತ್ತಿರ ಆದಷ್ಟೂ ಜೋರು ಅನ್ನುವ ಅಳತೆಯಲ್ಲಿ, ಮೈನಸ್ 5 ಎಲ್‌ಯುಎಫ್‌ಎಸ್‌ವರೆಗೆ ಒತ್ತಿದ್ದೆ. ಸ್ನೇರ್ ಕಾಣೆಯಾಯಿತು. ಸ್ಪಾಟಿಫೈ ಹೇಗೂ ಎಲ್ಲವನ್ನೂ ಮೈನಸ್ 14ರ ಸುತ್ತಮುತ್ತ ಇಳಿಸಿ ನುಡಿಸುತ್ತದೆ, ಸಾಯಿಸಿದ ಸ್ನೇರ್ ಮಾತ್ರ ಹಾಗೇ ಉಳಿಯುತ್ತದೆ. ಮೈನಸ್ 9ಕ್ಕೆ ನಿಲ್ಲಿಸಿದೆ, ಪೀಕ್ ಮೈನಸ್ 1. ಅಳೆಯಲು ಯೂಲೀನ್‌ನ ಪುಕ್ಕಟೆ ಮೀಟರ್.

ನವೆಂಬರ್ 9ಕ್ಕೆ ಬ್ಯಾಂಡ್‌ಕ್ಯಾಂಪಿಗೆ (ಹಾಡು ಮಾರುವ ಜಾಲತಾಣಕ್ಕೆ) 24 ಬಿಟ್ಟಿನ ಫೈಲ್ ಏರಿಸಿದೆ. ಯಾರಾದರೂ ಕೊಂಡರೆ ಬ್ಯಾಂಡ್‌ಕ್ಯಾಂಪಿನವರು 15 ಪರ್ಸೆಂಟ್ ಇಟ್ಟುಕೊಳ್ಳುತ್ತಾರೆ. ಮುಖಪುಟಕ್ಕೆ ಬೇಸಿಗೆಯಲ್ಲಿ ಮಾಮಾನ ಹೊಲದಲ್ಲಿ ಫೋನಿನಿಂದ ತೆಗೆದ ಫೋಟೋ, ಬಿರುಕು ಬಿಟ್ಟ ಎರಿ ಮಣ್ಣು. ಹಾಡಿನ ಹೆಸರು ಕನ್ನಡ ಲಿಪಿಯಲ್ಲೇ.

ಖರ್ಚು

ಸ್ಕಾರ್ಲೆಟ್ 6,200, ಮೈಕು 4,500, ರೀಪರ್ 5,200, ತಂತಿ ಎರಡು ಸೆಟ್ಟು 1,560, ಕರೆಂಟಿನ ಕೆಲಸ 1,150, ತತ್ತಿ ಟ್ರೇ ಮತ್ತು ಟೇಪು 360, ಕೌದಿಯ ಹಗ್ಗ ಹುಕ್ಕು 220, ಪಿಕ್ಕು, ಉಪ್ಪಿನ ಕಾಗದ, ಫೆವಿಕ್ವಿಕ್ 190. ಒಟ್ಟು ₹19,380. ಬೇಡವಾಗಿದ್ದದ್ದು ಟ್ರೇ ಒಂದೇ. ಗುಂಯ್ ಶಬ್ದಕ್ಕೆ ಅಂತ ತಂದ ಕೇಬಲ್ಲನ್ನು ಅಂಗಡಿಯವರು ವಾಪಸು ತಗೊಂಡರು.

ಬಾಕಿ ಉಳಿದದ್ದೂ ಇದೆ. ಎರಡನೇ ಹಾಡಿನ ಎರಡನೇ ಚರಣದಲ್ಲಿ ಬಲಗಡೆಯ ಗಿಟಾರ್ ಒಂದು ಬಾರಿನ ಉದ್ದಕ್ಕೂ ಸ್ವಲ್ಪ ಹಿಂದೆ ಎಳೆಯುತ್ತದೆ, ನನಗೆ ಪ್ರತಿ ಸಲ ಕೇಳಿಸುತ್ತದೆ. ನಾಲ್ಕನೇ ಹಾಡಿನ ರಿಫ್ಫು ಸಿದ್ಧ ಇದೆ, ಡ್ರಮ್ಸ್ ಶುರು ಮಾಡಿದ್ದೇನೆ. ದನಿ ಮಾತ್ರ ಶಿವರಾತ್ರಿಯ ಮೇಲೆ. ಚಳಿ ಬಿತ್ತು, ಅವ್ವ ಕೌದಿ ಬಿಚ್ಚಿ ಒಗೆದು ಮಂಚಗಳಿಗೆ ಹಾಕಿದ್ದಾಳೆ.